ನನ್ನ ಮೇಲೆ ನಾನೇ ಕರುಣೆ ತೋರಿದರೆ ತಪ್ಪು ಮುಚ್ಚಿಹೋಗದೇ?

ಪ್ರಶ್ನೆ: ಡಿಮೆನ್ಷಿಯಾ ಇದ್ದ ಅಮ್ಮನನ್ನು ನಾಲ್ಕು ವರ್ಷ ನಾನೇ ನೋಡಿಕೊಂಡೆ. ಕೇಳಿದ್ದನ್ನೇ ಕೇಳುತ್ತಿದ್ದ ಅವರ ಮೇಲೆ ಅನೇಕ ಸಲ ರೇಗಿದ್ದೇನೆ, ಒಮ್ಮೆ ಕೈಯನ್ನೂ ಎತ್ತಿದ್ದೇನೆ. ಅವರು ತೀರಿಕೊಂಡು ವರ್ಷವಾದರೂ ಆ ಗಳಿಗೆ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಆಪ್ತಸಮಾಲೋಚಕಿ ಉಸಿರನ್ನು ಗಮನಿಸುತ್ತಾ ಕೂರಲು, ನನ್ನ ಮೇಲೆ ಕರುಣೆ ತಂದುಕೊಳ್ಳಲು ಹೇಳುತ್ತಾರೆ. ಕೂತರೆ ಅಳು ಹೆಚ್ಚುತ್ತದೆ. ಇದು ತಪ್ಪಿಗೆ ನಾನೇ ಕೊಟ್ಟುಕೊಳ್ಳುವ ಮಾಫಿ ಎನಿಸುತ್ತದೆ. ಮುಂದುವರಿಸಲೇ?

ಉತ್ತರ: ಮುಂದುವರಿಸಿ, ಆದರೆ ಕೂತರೆ ಅಳು ಹೆಚ್ಚುತ್ತದೆ, ಇದು ಮಾಫಿ ಎನಿಸುತ್ತದೆ ಎಂಬ ಈ ಎರಡು ಮಾತುಗಳನ್ನು ಮುಂದಿನ ಭೇಟಿಯಲ್ಲಿ ಮೊದಲು ಸಮಾಲೋಚಕಿಗೇ ಹೇಳಿ, ಏಕೆಂದರೆ ಚಿಕಿತ್ಸೆಯ ನಿಜವಾದ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಕರುಣೆ ಆಧಾರಿತ ಚಿಕಿತ್ಸೆಯನ್ನು ರೂಪಿಸಿದ ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ಗಮನಿಸಿದ್ದು ಇದನ್ನೇ: ತಮ್ಮನ್ನು ತಾವೇ ಹಳಿದುಕೊಳ್ಳುವವರು ಸಮಾಧಾನದ ಮಾತನ್ನೂ ಒಳಗೊಳಗೆ ಗದರಿಸುವ ದನಿಯಲ್ಲೇ ಹೇಳಿಕೊಳ್ಳುತ್ತಾರೆ. ಅಂಥವರಿಗೆ ಕರುಣೆಯೇ ಮೊದಲಿಗೆ ಭಯ ಹುಟ್ಟಿಸುವುದುಂಟು, ಬಹುಕಾಲ ತಡೆಹಿಡಿದ ದುಃಖ ಉಕ್ಕುವುದೂ ಉಂಟು.

ಇನ್ನು ಮಾಫಿಯ ಪ್ರಶ್ನೆ. ಕೈ ಎತ್ತಿದ್ದು ತಪ್ಪೇ. ಅದನ್ನು ಅಲ್ಲವೆನ್ನಲು ಯಾವ ಒಳ್ಳೆಯ ಸಮಾಲೋಚಕಿಯೂ ಹೇಳುವುದಿಲ್ಲ. ಆದರೆ ‘ನಾನು ತಪ್ಪು ಮಾಡಿದೆ’ ಎನ್ನುವ ಪಶ್ಚಾತ್ತಾಪ ಅಮ್ಮನ ಕಡೆ ನೋಡುತ್ತದೆ, ‘ನಾನೇ ಕೆಟ್ಟವಳು’ ಎನ್ನುವ ನಾಚಿಕೆ ನಿಮ್ಮನ್ನು ಮಾತ್ರ ಸುತ್ತುತ್ತದೆ, ಮತ್ತು ನಿಮ್ಮನ್ನು ವರ್ಷವಿಡೀ ಹಿಡಿದಿಟ್ಟಿರುವುದು ಎರಡನೆಯದೇ ಎಂದು ನಿಮ್ಮ ಪತ್ರ ಓದಿದಾಗ ನನಗನ್ನಿಸಿತು. ನಾಚಿಕೆಯ ಹಿಡಿತ ಸಡಿಲವಾದಾಗಲೇ ತಪ್ಪನ್ನು ನೆಟ್ಟ ಕಣ್ಣಿನಿಂದ ನೋಡಲು ಸಾಧ್ಯ.

ಅಭ್ಯಾಸದ ರೀತಿಯನ್ನು ಬದಲಿಸಬಹುದು. ಕಣ್ಣು ಮುಚ್ಚಲೇಬೇಕೆಂಬ ನಿಯಮವಿಲ್ಲ. ಉಸಿರು ಗಮನಿಸಿದಷ್ಟೂ ಎದೆ ಬಿಗಿಯುವುದಾದರೆ ಅದನ್ನು ಬಿಟ್ಟು, ನೆಲಕ್ಕೆ ತಾಗಿದ ಅಂಗಾಲಿನ ತಣ್ಪನ್ನೋ ಹೊರಗಿನ ಸದ್ದನ್ನೋ ಎರಡು ಮೂರು ನಿಮಿಷ ಗಮನಿಸಿ. ಆ ಗಳಿಗೆ ನೆನಪಾದಾಗ ‘ಈಗ ಗಂಟಲು ಕಟ್ಟುತ್ತಿದೆ’ ಎಂದಷ್ಟೇ ಗುರುತಿಸಿ. ನಿದ್ದೆ, ಊಟ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಹಗಲು ರಾತ್ರಿಯೆನ್ನದೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಮತ್ತೊಂದು ವಿಷಯ: ಆ ನಾಲ್ಕು ವರ್ಷಗಳಲ್ಲಿ ಒಂದು ದಿನದ ಮಟ್ಟಿಗಾದರೂ ನಿಮಗೆ ಬಿಡುವು ಕೊಟ್ಟ ಒಬ್ಬರ ಹೆಸರೂ ಪತ್ರದಲ್ಲಿಲ್ಲ. ಅಮ್ಮನ ಮೇಲೆ ಹರಿದ ಸಿಟ್ಟಿನಲ್ಲಿ ಅವರಿಗೆ ಸೇರಬೇಕಾದದ್ದೆಷ್ಟು, ಬೇರೆಯವರಿಗೆ ಸೇರಬೇಕಾದದ್ದೆಷ್ಟು ಎಂಬುದನ್ನೂ ಸಮಾಲೋಚಕಿಯ ಮುಂದಿಡಿ.