ಗಾಜೂ ಕರಗುತ್ತೆ, ಆದರೆ...

ಬಸವನಗುಡಿಯ ಓದುಗರೊಬ್ಬರ ಪತ್ರ: 'ಅಣು ಸ್ಥಾವರದ ಕಸವನ್ನು ಗಾಜಾಗಿಸಿಟ್ಟರೆ ನೀರು ಏನೂ ಮಾಡಲಾರದು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಬೋರ್‌ವೆಲ್ ನೀರಿಗೆ ಲೋಟಗಳೇ ಮಂಕಾಗಿವೆ. ಸಾವಿರಾರು ವರ್ಷದ ಮಾತು ನಂಬೋದು ಹೇಗೆ? ಕೈಗಾದಲ್ಲೂ ಈ ಗಾಜು ಮಾಡ್ತಾರಾ?'

ನಮಸ್ಕಾರ. 'ಏನೂ ಮಾಡಲಾರದು' ಅಂತ ಬರೆದದ್ದು ನಮ್ಮ ತಪ್ಪು. ಗಾಜು ನೀರಿನಲ್ಲಿ ಕರಗುತ್ತದೆ. ತೀರಾ ನಿಧಾನ, ಅಷ್ಟೇ.

ನಿಮ್ಮ ಪತ್ರ ಓದಿ ಕಚೇರಿಯ ಮಂಕು ಲೋಟವೊಂದಕ್ಕೆ ಅರ್ಧ ನಿಂಬೆಹಣ್ಣು ಉಜ್ಜಿದೆ. ಬಿಳಿ ಪೊರೆ ಬಹುಪಾಲು ಹೋಯಿತು. ಅದು ಗಡಸು ನೀರಿನ ಸುಣ್ಣ. ಬುಡದ ಹತ್ತಿರ ಮಾತ್ರ ಒಂದು ಮಬ್ಬು ಉಂಗುರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅಲ್ಲಿ ಗಾಜೇ ಸವೆದಿರಬೇಕು.

ಅಣು ಕಸಕ್ಕೆ ಬಳಸುವುದು ಬೋರೋಸಿಲಿಕೇಟ್ ಗಾಜು, ಸೋಲಾರ್ ಹೀಟರ್ ಕೊಳವೆಗಳ ಬಳಗದ್ದು. ಸುಮಾರು 1000 ಡಿಗ್ರಿ ಶಾಖದಲ್ಲಿ ಕಸವೂ ಗಾಜಿನ ಭಾಗವೇ ಆಗಿಬಿಡುತ್ತದೆ. ಬಾಟಲಿಗೆ ಉಪ್ಪಿನಕಾಯಿ ತುಂಬಿದ ಹಾಗಲ್ಲ, ದೋಸೆ ಹಿಟ್ಟಿಗೆ ಉಪ್ಪು ಬೆರೆತ ಹಾಗೆ. ಹಾಗಾಗಿ ಒಡೆದರೂ ಚೆಲ್ಲುವುದಿಲ್ಲ.

ನೀರು ತಾಗಿದಾಗ ಮೊದಲು ಸೋಡಿಯಂ, ಬೋರಾನ್ ಹೊರಬರುತ್ತವೆ. ಆಮೇಲೆ ಗಾಜಿನ ಮೂಲವಸ್ತುವಾದ ಸಿಲಿಕಾದ ಹೆಣಿಗೆ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತದೆ. ನೀರು ನಿಂತಿದ್ದರೆ ಸಿಲಿಕಾ ಅದರಲ್ಲಿ ತುಂಬಿಕೊಳ್ಳುತ್ತದೆ. ಕಾಫಿಗೆ ಸಕ್ಕರೆ ಜಾಸ್ತಿಯಾದರೆ ತಳದಲ್ಲೇ ಉಳಿಯುತ್ತದಲ್ವಾ, ಹಾಗೆ ಮುಂದಿನದು ಕರಗುವುದು ಕಷ್ಟ. ಗಾಜಿನ ಮೈಮೇಲೆ ತೆಳುವಾದ ಜೆಲ್ ಪದರವೂ ಕಟ್ಟುತ್ತದೆ. ಕರಗುವ ವೇಗ ಸಾವಿರದಲ್ಲೊಂದು ಪಾಲಿಗೂ ಕೆಳಗಿಳಿಯಬಹುದು. ಹರಿಯುವ ನೀರಾದರೆ ಈ ಲಾಭವಿಲ್ಲ, ಬಂದ ಸಿಲಿಕಾವನ್ನು ಅದು ಹೊತ್ತೊಯ್ಯುತ್ತದೆ. ಅದಕ್ಕೇ ಉಕ್ಕಿನ ಡಬ್ಬಿ, ಸುತ್ತ ಜೇಡಿಮಣ್ಣು, ಆಳದ ಬಂಡೆ ಎಂದೆಲ್ಲ ಯೋಚಿಸುವುದು.

ಒಂದು ತೊಡಕು ಇದೆ. ನೀರು ಬಹಳ ಕ್ಷಾರವಾದರೆ ಜಿಯೋಲೈಟ್ ಹರಳುಗಳು ಹುಟ್ಟಿ ಆ ಪದರದ ಸಿಲಿಕಾವನ್ನೇ ಕಬಳಿಸುತ್ತವೆ. ಕರಗುವಿಕೆ ಮತ್ತೆ ಚುರುಕಾಗುತ್ತದೆ. ಸಿಮೆಂಟು ನೀರನ್ನು ಕ್ಷಾರ ಮಾಡುತ್ತದೆ, ಹಾಗಾಗಿ ಗಾಜಿನ ಪಕ್ಕ ಅದನ್ನು ಸುಮ್ನೆ ಸುರಿಯುವಂತಿಲ್ಲ.

ನಂಬಿಕೆಗೆ ಒಂದು ಸಾಕ್ಷಿ: ಫ್ರಾನ್ಸಿನ ಎಂಬಿಯೆ ದ್ವೀಪದ ಬಳಿ ಮುಳುಗಿದ ರೋಮನ್ ಹಡಗಿನ ಗಾಜಿನ ಗಟ್ಟಿಗಳು ಸುಮಾರು 1800 ವರ್ಷ ಸಮುದ್ರದಲ್ಲಿದ್ದವು. ಹೊರಮೈ ಚೆನ್ನಾಗಿಯೇ ಸವೆದಿತ್ತು. ನೀರು ಓಡಾಡದ ಒಳಬಿರುಕುಗಳಲ್ಲಿ ಸವೆತ ಬಹಳ ಕಡಿಮೆ.

ಕೈಗಾದಲ್ಲಿ ಈ ಗಾಜು ಮಾಡುವುದಿಲ್ಲ. ಟ್ರಾಂಬೆ, ತಾರಾಪುರ, ಕಲ್ಪಾಕಂಗಳಲ್ಲಿ ಮಾಡುತ್ತಾರೆ. ಅದನ್ನು ಹೂತಿಡಲು ನೆಲದಾಳದ ಗೋದಾಮು ನಮ್ಮ ದೇಶದಲ್ಲಿ ಇನ್ನೂ ಇಲ್ಲ.

ನಿಮ್ಮ ಲೋಟಕ್ಕೂ ನಿಂಬೆ ಉಜ್ಜಿ ನೋಡಿ. ಉಂಗುರ ಉಳಿದರೆ ಒಂದು ಸಾಲು ಬರೆಯಿರಿ.

– ಸಂಪಾದಕ