ಸರಾಸರಿ ಸರಿಯಿದ್ದರೆ ಸಾಕೇ, ಮೇಷ್ಟ್ರೇ?

ಬೇಲೂರಿನ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಪತ್ರ: “ನೋಂದಣಿಗಾಗಿ ಸರ್ಕಾರ ಆಸ್ತಿಗೆ ನಿಗದಿ ಮಾಡುವ ಮಾರ್ಗಸೂಚಿ ಬೆಲೆಯ ಭಾರ ಬಡವರ ಮೇಲೇ ಬೀಳುತ್ತದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಪರಿಚಯದವರ 40 ಕ್ರಯಪತ್ರ ತರಿಸಿ, ಮಾರ್ಗಸೂಚಿ ಬೆಲೆಯನ್ನು ಪತ್ರದಲ್ಲಿರುವ ಮಾರಾಟದ ಬೆಲೆಯಿಂದ ಭಾಗಿಸಿದೆ. ಸರಾಸರಿ 0.98 ಬಂತು. ಇದರಲ್ಲಿ ಅನ್ಯಾಯ ಎಲ್ಲಿದೆ?”

ಮೇಷ್ಟ್ರೇ, 40 ಪತ್ರ ಗುಡ್ಡೆ ಹಾಕಿಕೊಂಡು ಲೆಕ್ಕಕ್ಕೆ ಕೂತಿರಲ್ಲ, ಮೊದಲು ಅದಕ್ಕೆ ನಮಸ್ಕಾರ. ಸರಾಸರಿ ಬೇಡವೆಂದು ನಾನು ಹೇಳುವುದಿಲ್ಲ. ಊರಿನ ದರ ಒಟ್ಟಾರೆ ಮಾರುಕಟ್ಟೆಗಿಂತ ಹಿಂದೆ ಬಿದ್ದಿದೆಯೇ ಎಂದು ತಿಳಿಯಲು ಅದು ಬೇಕು. ಆದರೆ ನೀವು ಅಲ್ಲಿಗೇ ನಿಂತುಬಿಟ್ಟಿರಿ.

ಮೂರು ಆಸ್ತಿ ತೆಗೆದುಕೊಳ್ಳಿ. ಓಣಿಯ ಮನೆ ಮಾರಿದ್ದು 10 ಲಕ್ಷಕ್ಕೆ, ಮಾರ್ಗಸೂಚಿ ಬೆಲೆ 13 ಲಕ್ಷ. ಬಡಾವಣೆಯ ಮನೆ 20ಕ್ಕೆ 20. ಕಾಫಿ ತೋಟ ಕೈಬದಲಾದದ್ದು 1 ಕೋಟಿಗೆ, ಮಾರ್ಗಸೂಚಿ 70 ಲಕ್ಷ. ಅನುಪಾತಗಳು 1.30, 1.00, 0.70. ಸರಾಸರಿ 1, ಸಾಲಾಗಿ ಜೋಡಿಸಿದಾಗ ನಡುವೆ ಬರುವ ಮಧ್ಯಾಂಕವೂ 1. ನಿಮ್ಮ ಲೆಕ್ಕದಲ್ಲಿ ಎಲ್ಲ ಚೊಕ್ಕ. ಈಗ ಒಟ್ಟು ಮಾರ್ಗಸೂಚಿ ಬೆಲೆ 103 ಲಕ್ಷವನ್ನು ಒಟ್ಟು ಮಾರಾಟದ 130 ಲಕ್ಷದಿಂದ ಭಾಗಿಸಿ: 0.792. ಮೊದಲಿನ ಸರಾಸರಿಯನ್ನು ಇದರಿಂದ ಭಾಗಿಸಿದರೆ 1.26. ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿಗಳ ಅಂತರರಾಷ್ಟ್ರೀಯ ಸಂಘ ಐಎಎಒ, ಈ ಅಂಕಿ 0.98ರಿಂದ 1.03ರ ಒಳಗಿರಬೇಕು ಎನ್ನುತ್ತದೆ. ಮೇಲಕ್ಕೆ ಹೋದಷ್ಟೂ ಅಗ್ಗದ ಆಸ್ತಿಗೆ ಹೆಚ್ಚು, ದುಬಾರಿ ಆಸ್ತಿಗೆ ಕಡಿಮೆ ಬೆಲೆ ಕಟ್ಟಲಾಗಿದೆ ಎಂದರ್ಥ. ಅನುಪಾತಗಳು ಮಧ್ಯಾಂಕದಿಂದ ಎಷ್ಟು ಚದುರಿವೆ ಎಂಬ ಇನ್ನೊಂದು ಅಳತೆಯೂ ಇದೆ. ಮನೆಗಳಲ್ಲಿ ಅದು ಶೇ 15 ದಾಟಬಾರದು, ಇಲ್ಲಿ 20.

ಓಣಿಯ ಮನೆ ನನ್ನ ಕಲ್ಪನೆಯಲ್ಲ. ನಮ್ಮ ಪ್ರೆಸ್ಸಿನಲ್ಲಿ ಪುಟ ಕಟ್ಟುವ ಹುಡುಗ ಇಲ್ಲೇ ಚಿಕ್ಕಮಗಳೂರಿನಲ್ಲಿ ಕೊಂಡದ್ದು. ಆಟೋ ಒಳಗೆ ಬಂದರೆ ಹಿಂದಕ್ಕೇ ಹೋಗಬೇಕು, ಅಷ್ಟು ಇಕ್ಕಟ್ಟು. ದರ ಮಾತ್ರ ಮುಂದಿನ ದೊಡ್ಡ ರಸ್ತೆಯದು. ಮಾರಾಟದ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ. ಶೇ 5ರಂತೆ, ಅವನು ಕೊಡದೇ ಇದ್ದ 3 ಲಕ್ಷದ ಮೇಲೆಯೇ 15,000 ರೂಪಾಯಿ. ನೋಂದಣಿ ಶುಲ್ಕ, ಸೆಸ್ಸು ಬೇರೆ. ಪತ್ರ ಬರೆಯುವವರ ಮೇಜಿನ ಮುಂದೆ ಟಿಫಿನ್ ಚೀಲದಿಂದ ನೋಟಿನ ಕಟ್ಟು ತೆಗೆದು ಎರಡು ಸಲ ಎಣಿಸಿದ. ಸಾಲಲಿಲ್ಲ. ಹೆಬ್ಬೆಟ್ಟಿನ ಶಾಯಿ ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಲೇ ಭಾವನಿಗೆ ಫೋನ್ ಮಾಡಿದ. ಪಕ್ಕದಲ್ಲಿ ನಿಂತಿದ್ದೆ, ಮೇಷ್ಟ್ರೇ. ಆ ಮುಖ ನೋಡಿದ ಮೇಲೆ ಸರಾಸರಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ತಡೆಯಲಾಗುವುದಿಲ್ಲ.

ಇನ್ನು ನಿಮ್ಮ 0.98. ತೋಟ 1 ಕೋಟಿಗೆ ಮಾರಿದವರು ಪತ್ರದಲ್ಲಿ ಬರೆಸುವುದು ಮಾರ್ಗಸೂಚಿಯ 70 ಲಕ್ಷವನ್ನೇ, ಉಳಿದದ್ದು ನಗದು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಅಂಥ ಪತ್ರದಲ್ಲಿ ನೀವು ಮಾರ್ಗಸೂಚಿ ಬೆಲೆಯನ್ನು ಮಾರ್ಗಸೂಚಿ ಬೆಲೆಯಿಂದಲೇ ಭಾಗಿಸಿದ್ದೀರಿ. ಒಂದರ ಹತ್ತಿರ ಬರದೆ ಇನ್ನೇನು ಬರುತ್ತದೆ? ಅಣ್ಣ ತಮ್ಮನಿಗೆ ಮಾಡಿಕೊಟ್ಟ ಕ್ರಯ, ಬ್ಯಾಂಕಿನ ಹರಾಜು, ಇವು ಮಾರುಕಟ್ಟೆಯ ಬೆಲೆ ಹೇಳುವುದಿಲ್ಲ; ಇವನ್ನಾದರೂ ಬೇರೆ ಇಟ್ಟಿದ್ದಿರಾ?

ಸರಾಸರಿಯ ಮೋಹ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಶೃಂಗೇರಿಯ ಮಳೆ, ಕಡೂರಿನ ಬರ ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆಯುತ್ತಾರೆ. ಆ ಮಳೆ ಯಾವ ಹೊಲಕ್ಕೂ ಬಿದ್ದದ್ದಲ್ಲ. ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಂದು ಪರಿಷ್ಕರಣೆಯಾದಾಗ ಶೇಕಡಾ ಎಷ್ಟು ಏರಿತು ಎಂಬುದೇ ಎಲ್ಲರ ಚರ್ಚೆ. ಯಾವ ಓಣಿಗೆ ಎಷ್ಟು, ಯಾವ ತೋಟಕ್ಕೆ ಎಷ್ಟು ಎಂದು ಕೇಳಿದವರು ಎಷ್ಟು ಮಂದಿ? ನಗರಸಭೆ, ಪುರಸಭೆಗಳ ಆಸ್ತಿ ತೆರಿಗೆಯೂ ಈಗ ಇದೇ ಬೆಲೆಯ ಮೇಲೆ ನಿಂತಿದೆ. ಆ ಹುಡುಗ ಒಮ್ಮೆ ಕೊಟ್ಟು ಮುಗಿಸುವುದಲ್ಲ, ವರ್ಷ ವರ್ಷವೂ ಕೊಡಬೇಕು.

ನಿಮ್ಮಂಥವರಿಂದ ಒಂದು ಕೆಲಸ ಆಗಬೇಕು. ಆ 40 ಪತ್ರಗಳನ್ನು ಬೆಲೆಯ ಪ್ರಕಾರ ಜೋಡಿಸಿ. ಕೊಂಡವರು ನಿಮ್ಮ ಪರಿಚಯದವರೇ. ನಿಜವಾಗಿ ಕೈಬದಲಾದ ಮೊತ್ತ ಕೇಳಿ, ಹೆಸರು ಬಿಟ್ಟು ಬರೆದುಕೊಳ್ಳಿ. ಕೆಳಗಿನ 10, ಮೇಲಿನ 10 ಬೇರೆ ಬೇರೆ ಲೆಕ್ಕ ಹಾಕಿ ಕಳಿಸಿ. ಉತ್ತರ ನನ್ನ ಮಾತಿಗೆ ವಿರುದ್ಧ ಬಂದರೂ ಪಟ್ಟಿಯನ್ನು ಪೂರ್ತಿ ಅಚ್ಚು ಹಾಕುತ್ತೇನೆ.

— ಸಂಪಾದಕ