ಓದುಗರ ಪ್ರಶ್ನೆ: ಫ್ರೇಮ್ ಇರುವ ಸೈಟಿನಲ್ಲಿ ರೀಡೈರೆಕ್ಟ್

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತರ ಖಾತೆ, ಲಾಟ್ ನಂಬರ್, ದರ ನೋಡಲಿಕ್ಕೆ ಹಳೆಯ ಸೈಟ್ ಒಂದಿದೆ. ಮೇಲೆ ಅಂಗಡಿ ಹೆಸರು, ಎಡಕ್ಕೆ ಮೆನು, ನಡುವೆ ಲೆಕ್ಕ, ಮೂರೂ ಬೇರೆ ಫ್ರೇಮ್. ಟೆಂಡರ್ ಮುಗಿಸಿ ಬಂದು ಮೆನು ಒತ್ತಿದರ ನಡುವಿನ ಫ್ರೇಮಿನ್ಯಾಗ ಲಾಗಿನ್ ಪುಟ ಬರ್ತೈತ್ರಿ. ಪಾಸ್‌ವರ್ಡ್ ಕೊಟ್ಟರ ಅದರೊಳಗ ಇಡೀ ಸೈಟ್ ಮತ್ತೊಮ್ಮೆ ತೆರೀತೈತಿ, ಎರಡೆರಡು ಮೆನು! ಏನ್ ಮಾಡಬೇಕ್ರಿ?

ಉತ್ತರ: ನಿಮ್ಮ ಸೆಷನ್ ಅವಧಿ ಮುಗಿದಿರುವುದರಿಂದ ಸರ್ವರ್ 302 ಎಂಬ ರೀಡೈರೆಕ್ಟ್ (‘ಬೇರೆ ವಿಳಾಸಕ್ಕೆ ಹೋಗು’ ಎಂಬ ಸೂಚನೆ) ಕಳಿಸಿ ಲಾಗಿನ್ ಪುಟದ ದಾರಿ ತೋರಿಸುತ್ತದೆ. ಬ್ರೌಸರ್ ಪುಟ ಕೇಳಿದ್ದು ನಡುವಿನ ಫ್ರೇಮಿಗಾಗಿ, ಹಾಗಾಗಿ ಬಂದ ಪುಟವೂ ಅಲ್ಲೇ ಕೂರುತ್ತದೆ. ರೀಡೈರೆಕ್ಟಿನ 301, 302, 307 ಯಾವುದನ್ನೇ ಕಳಿಸಿ, ಇಡೀ ವಿಂಡೋ ಬದಲಿಸು ಎಂದು ಹೇಳಲು ಅದರಲ್ಲಿ ಜಾಗವೇ ಇಲ್ಲ. ಪುಟದೊಳಗೇ ಬರೆದಿಡುವ ‘ಮೆಟಾ ರಿಫ್ರೆಶ್’ ಎಂಬ ರೀಡೈರೆಕ್ಟ್ ಕೂಡ ತಾನಿರುವ ಫ್ರೇಮನ್ನಷ್ಟೇ ಬದಲಿಸುತ್ತದೆ. ಆದ್ದರಿಂದ ಸರ್ವರ್ ಸೆಟ್ಟಿಂಗ್ ತಡಕಾಡುತ್ತ ಕೂರಬೇಡಿ. ಮದ್ದು ಹಾಕಬೇಕಾದದ್ದು ಲಾಗಿನ್ ಪುಟಕ್ಕೆ.

ಆ ಪುಟದ ಹೆಡ್ ಭಾಗದಲ್ಲಿ, ಉಳಿದ ಎಲ್ಲ ಸ್ಕ್ರಿಪ್ಟಿಗಿಂತ ಮೊದಲು, ವಿಂಡೋ.ಸೆಲ್ಫ್ (ಪುಟ ತಾನಿರುವ ಜಾಗ) ಮತ್ತು ವಿಂಡೋ.ಟಾಪ್ (ಎಲ್ಲಕ್ಕೂ ಹೊರಗಿನ ವಿಂಡೋ) ಒಂದೇ ಹೌದೋ ಅಲ್ಲವೋ ನೋಡಿ. ಒಂದೇ ಆಗಿದ್ದರೆ ಪುಟ ತಾನೇ ತಾನಾಗಿ ತೆರೆದಿದೆ, ಬಿಟ್ಟುಬಿಡಿ. ಬೇರೆಯಾಗಿದ್ದರೆ ಫ್ರೇಮಿನೊಳಗೆ ಸಿಕ್ಕಿದೆ. ಆಗ ವಿಂಡೋ.ಟಾಪ್.ಲೊಕೇಶನ್.ರಿಪ್ಲೇಸ್‌ಗೆ ಲಾಗಿನ್ ಪುಟದ ವಿಳಾಸ ಕೊಡಿ. ಬರೀ ಲೊಕೇಶನ್‌ಗೆ ವಿಳಾಸ ಕೊಟ್ಟರೂ ನಡೆಯುತ್ತದೆ. ಆದರೆ ಹಳೆಯ ಪುಟ ಹಿಸ್ಟರಿಯಲ್ಲಿ ಉಳಿದು, ಬ್ಯಾಕ್ ಒತ್ತಿದವರು ಅದಕ್ಕೆ ಹೋಗಿ ಮತ್ತೆ ಲಾಗಿನ್‌ಗೇ ಬಂದು ಬೀಳುತ್ತಾರೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಲಾಗಿನ್ ಫಾರ್ಮಿನ ಟಾರ್ಗೆಟ್‌ನಲ್ಲಿ ಅಂಡರ್‌ಸ್ಕೋರ್ ಸೇರಿಸಿ ‘_ಟಾಪ್’ (ಇಡೀ ವಿಂಡೋದಲ್ಲಿ ತೆರೆ) ಎಂದು ಹಾಕಿ. ಸ್ಕ್ರಿಪ್ಟ್ ಕೈಕೊಟ್ಟರೂ ಎರಡು ಮೆನುವಿನ ಕಾಟ ತಪ್ಪುತ್ತದೆ. ಲಾಗ್‌ಔಟ್ ಕೊಂಡಿಗೂ ಹಾಗೇ ಮಾಡಿ. ಮೆನು ಪುಟದ ಬೇಸ್ ಟ್ಯಾಗ್ ಎಲ್ಲ ಕೊಂಡಿಗಳನ್ನೂ ನಡುವಿನ ಫ್ರೇಮಿಗೆ ಕಳಿಸುತ್ತಿರುತ್ತದೆ, ಲಾಗ್‌ಔಟ್ ಕೂಡ ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಎಲ್ಲರೂ ಮರೆಯುವುದು ಇದನ್ನೇ.

ಲಾಗಿನ್ ಪುಟ ಪೂರಾ ಬೇರೆ ಡೊಮೇನಿನಲ್ಲಿದ್ದರೆ, ನೋಡುವವರು ಆ ಫ್ರೇಮಿನಲ್ಲಿ ಏನನ್ನೂ ಒತ್ತದಿರುವಾಗ ಮೇಲಿನ ವಿಂಡೋ ಬದಲಿಸಲು ಕ್ರೋಮ್ ಬಿಡುವುದಿಲ್ಲ. ಅಲ್ಲಿ ‘ಲಾಗಿನ್ ತೆರೆಯಿರಿ’ ಎಂಬ ಕೊಂಡಿ ಇಟ್ಟು, ಅದಕ್ಕೂ ‘_ಟಾಪ್’ ಕೊಡುವುದೇ ದಾರಿ.

ಪ್ರಶ್ನೆ: ಗದಗಿನಲ್ಲಿ ನಮ್ಮ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ ಆರ್ಡರಿನ ಪುಟ ಐಫ್ರೇಮಿನಲ್ಲಿದೆ. ಅಲ್ಲಿಂದ ಪೇಮೆಂಟ್ ಪುಟಕ್ಕೆ ಹೋದ ಕೂಡಲೇ ಬೂದು ಬಣ್ಣದ ಖಾಲಿ ಚೌಕ ಬರುತ್ತದೆ. ಯಾಕೆ?

ಉತ್ತರ: ಆ ಪೇಮೆಂಟ್ ಪುಟ ‘ನನ್ನನ್ನು ಫ್ರೇಮಿನಲ್ಲಿ ತೋರಿಸಬೇಡ’ ಎಂದು ಬ್ರೌಸರಿಗೆ ಹೇಳಿದೆ. ಎಕ್ಸ್-ಫ್ರೇಮ್-ಆಪ್ಶನ್ಸ್ ಎಂಬ ಹೆಡರ್ ಅಥವಾ ಸಿಎಸ್‌ಪಿಯ (ಸೈಟ್ ಬ್ರೌಸರಿಗೆ ಕೊಡುವ ಭದ್ರತಾ ನಿಯಮಗಳ) ಫ್ರೇಮ್-ಆನ್ಸೆಸ್ಟರ್ಸ್ ನಿಯಮ ಮಾಡುವ ಕೆಲಸ ಇದು. ಬೇರೆಯವರು ತಮ್ಮ ಪುಟದೊಳಗೆ ಬ್ಯಾಂಕಿನ ಪುಟ ಅಡಗಿಸಿಟ್ಟು ಗ್ರಾಹಕರಿಂದ ಬಟನ್ ಒತ್ತಿಸಬಾರದು ಎಂದು ಇಟ್ಟಿರುವ ಕಾವಲು. ನಿಮ್ಮ ಕಡೆಯಿಂದ ಅದನ್ನು ತೆಗೆಯಲಾಗದು, ತೆಗೆಯಲೂಬಾರದು. ಪೇಮೆಂಟ್ ಫಾರ್ಮಿಗೆ ‘_ಟಾಪ್’ ಟಾರ್ಗೆಟ್ ಕೊಟ್ಟು ಪೂರ್ತಿ ವಿಂಡೋದಲ್ಲೇ ತೆರೆಯಿರಿ.

ಇದಾದ ಮೇಲೆ ಇನ್ನೊಂದು ತಕರಾರು ಎದುರಾಗಬಹುದು: ದುಡ್ಡು ಕಟ್ಟಿ ವಾಪಸ್ ಬಂದ ಗ್ರಾಹಕರಿಗೆ ನಿಮ್ಮ ಸೈಟ್ ಮತ್ತೆ ಲಾಗಿನ್ ಕೇಳುತ್ತದೆ. ಗೇಟ್‌ವೇ (ಹಣ ಪಡೆಯುವ ಸೇವೆ) ಪೋಸ್ಟ್ ಮೂಲಕ, ಅಂದರೆ ಫಾರ್ಮ್ ಸಲ್ಲಿಸಿದಂತೆ, ವಾಪಸ್ ಕಳಿಸಿದಾಗ, ಲಾಗಿನ್ ಗುರುತು ಹಿಡಿದಿಟ್ಟ ಕುಕಿಯ ಸೇಮ್‌ಸೈಟ್ ನಿಯಮ (ಬೇರೆ ಸೈಟಿನಿಂದ ಬಂದಾಗ ಕುಕಿ ಕಳಿಸಬೇಕೇ ಎಂಬುದು) ಲ್ಯಾಕ್ಸ್ ಎಂದಿದ್ದರೆ, ಆ ಕುಕಿ ಜೊತೆಗೆ ಬರುವುದಿಲ್ಲ. 2020ರಿಂದ ಕ್ರೋಮ್, ಏನೂ ಬರೆಯದ ಕುಕಿಯನ್ನೂ ಲ್ಯಾಕ್ಸ್ ಎಂದೇ ಎಣಿಸುತ್ತದೆ. ಹಾಗೆ ಏನೂ ಬರೆಯದ ಕುಕಿ ಹೊಸದಾಗಿದ್ದರೆ ಮಾತ್ರ ಎರಡು ನಿಮಿಷದ ವಿನಾಯಿತಿ ಇದೆ. ಅದಕ್ಕೇ ನೀವು ಗಡಿಬಿಡಿಯಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ, ಗ್ರಾಹಕರು ಓಟಿಪಿ ಹುಡುಕುತ್ತ ಕೂತಾಗ ಕೆಡುತ್ತದೆ. ವಾಪಸ್ ಬರುವ ಪುಟದಲ್ಲಿ ಲಾಗಿನ್ ಕೇಳಬೇಡಿ. ಗೇಟ್‌ವೇ ಕಳಿಸಿದ ಸಹಿಯನ್ನೂ ಆರ್ಡರ್ ನಂಬರನ್ನೂ ಸರ್ವರಿನಲ್ಲಿ ತಾಳೆ ನೋಡಿ, 303 ರೀಡೈರೆಕ್ಟ್ ಕೊಟ್ಟು ರಶೀದಿ ಪುಟಕ್ಕೆ ಕಳಿಸಿ. ಆ ಪುಟ ಕೇಳುವುದು ಪೋಸ್ಟ್ ಮೂಲಕವಲ್ಲ, ಹಾಗಾಗಿ ಅಲ್ಲಿ ಕುಕಿ ಸಿಗುತ್ತದೆ.

ಪ್ರಶ್ನೆ: ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಸೈಟ್ ನಡೆಸುತ್ತೇನೆ. ಗೂಗಲ್‌ನಿಂದ ಬಂದವರಿಗೆ ಒಳಗಿನ ಪುಟವೊಂದೇ ಕಾಣುತ್ತದೆ, ಮೆನು ಇರುವುದಿಲ್ಲ. ಅವರನ್ನು ಫ್ರೇಮ್ ಇರುವ ಮುಖಪುಟಕ್ಕೆ ತಿರುಗಿಸುವುದು ಹೇಗೆ?

ಉತ್ತರ: ತಿರುಗಿಸಬಹುದು: ಸೆಲ್ಫ್ ಮತ್ತು ಟಾಪ್ ಒಂದೇ ಆಗಿದ್ದರೆ, ಪುಟದ ಹೆಸರನ್ನು ವಿಳಾಸದ ಬಾಲಕ್ಕೆ ಕಟ್ಟಿ ಮುಖಪುಟಕ್ಕೆ ಕಳಿಸುವುದು, ಮುಖಪುಟ ಆ ಹೆಸರು ಓದಿ ಫ್ರೇಮ್ ತುಂಬುವುದು. ಆದರೆ ಬಾಲದಲ್ಲಿ ಬಂದದ್ದನ್ನು ಹಾಗೇ ಫ್ರೇಮಿಗೆ ಕೊಟ್ಟರೆ, ಯಾರಾದರೂ ತಮ್ಮ ಮೋಸದ ಪುಟವನ್ನು ನಿಮ್ಮ ಹೆಸರಿನಡಿ ತೋರಿಸಿಯಾರು. ನಿಮ್ಮದೇ ಪುಟಗಳ ಪಟ್ಟಿಯಲ್ಲಿ ಆ ಹೆಸರು ಇದ್ದರೆ ಮಾತ್ರ ತೆರೆಯಬೇಕು.

ನಮ್ಮನ್ನು ಕೇಳಿದರೆ, ಈ ಸರ್ಕಸ್ ಬೇಡ. ಫ್ರೇಮ್‌ಸೆಟ್ಟನ್ನು 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5 ಕೈಬಿಟ್ಟಿದೆ. ಬ್ರೌಸರುಗಳು ಇನ್ನೂ ತೆರೆಯುತ್ತವೆ, ಅಷ್ಟೇ. ಮೆನುವನ್ನು ಒಂದೇ ಫೈಲಿನಲ್ಲಿಟ್ಟು ಸರ್ವರಿನ ಇನ್‌ಕ್ಲೂಡ್ ಮೂಲಕ ಪ್ರತಿ ಪುಟಕ್ಕೂ ಸೇರಿಸಿ. ನೋಟ್ಸ್ ಪುಟಗಳ ಫೈಲ್ ಹೆಸರು ಮಾತ್ರ ಬದಲಿಸಬೇಡಿ, ಆಗ ಅವಕ್ಕೆ ರೀಡೈರೆಕ್ಟೇ ಬೇಕಿಲ್ಲ. ಹಳೆಯ ಮೆನು ಫೈಲಿನಂಥ ಒಂದೆರಡನ್ನು ಮಾತ್ರ ಮುಖಪುಟಕ್ಕೆ ತಿರುಗಿಸಿದರೆ ಸಾಕು. ಮೊದಲು 302 (ತಾತ್ಕಾಲಿಕ) ಹಾಕಿ ಪರೀಕ್ಷಿಸಿ, ಸರಿ ಅನಿಸಿದ ಮೇಲೆ 301 (ಕಾಯಂ) ಮಾಡಿ. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ವಿಳಾಸ ತಪ್ಪಿದ್ದರೆ ನೀವು ತಿದ್ದಿದ ಮೇಲೂ ಓದುಗರು ತಪ್ಪು ಜಾಗಕ್ಕೇ ಹೋಗುತ್ತಿರುತ್ತಾರೆ.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಅಂಗಡಿಗೆ ಹೊಸ ಡೊಮೇನ್ ಕೊಂಡು ಹಳೆಯ ಸೈಟಿಗೆ ಫಾರ್ವರ್ಡ್ ಮಾಡಿದ್ದೇವೆ. ಯಾವ ಪುಟಕ್ಕೆ ಹೋದರೂ ವಿಳಾಸ ಬದಲಾಗುವುದಿಲ್ಲ, ಮೊಬೈಲಿನಲ್ಲಿ ಅಕ್ಷರ ಇರುವೆಯಷ್ಟು ಸಣ್ಣ.

ಉತ್ತರ: ಫಾರ್ವರ್ಡ್ ಮಾಡುವಾಗ ‘ಮಾಸ್ಕಿಂಗ್’ ಆಯ್ದಿದ್ದೀರಿ. ಅದು ರೀಡೈರೆಕ್ಟ್ ಅಲ್ಲ, ನಿಮ್ಮ ಸೈಟನ್ನು ಒಂದೇ ದೊಡ್ಡ ಫ್ರೇಮಿನಲ್ಲಿ ತೋರಿಸುವ ಪುಟ. ಹೊರಗಿನ ಆ ಪುಟದಲ್ಲಿ ವ್ಯೂಪೋರ್ಟ್ ಸಾಲು (ಫೋನಿನ ಅಗಲಕ್ಕೆ ಹೊಂದಿಸು ಎನ್ನುವ ಸಾಲು) ಇಲ್ಲದಿದ್ದರೆ ಫೋನ್ ಅದನ್ನು ಸುಮಾರು 980 ಪಿಕ್ಸೆಲ್ ಅಗಲದ ಕಂಪ್ಯೂಟರ್ ಪುಟವೆಂದು ಎಣಿಸಿ ಕುಗ್ಗಿಸುತ್ತದೆ. ಮಾಸ್ಕಿಂಗ್ ತೆಗೆದು 301 ಆಯ್ದುಕೊಳ್ಳಿ. ಹೊಸ ಹೆಸರೇ ಕಾಣಬೇಕೆಂದರೆ ಫಾರ್ವರ್ಡನ್ನೇ ಬಿಟ್ಟು, ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರನ್ನು ಸರ್ವರಿಗೆ ಜೋಡಿಸುವ ಸೆಟ್ಟಿಂಗ್) ‘ಎ’ ರೆಕಾರ್ಡಿಗೆ ಹೋಸ್ಟಿಂಗ್ ಸರ್ವರಿನ ಐಪಿ ವಿಳಾಸ ಕೊಡಿ. ಹೋಸ್ಟಿಂಗ್ ಕಡೆ ಹೊಸ ಡೊಮೇನ್ ಸೇರಿಸಿ, ಅದರ ಹೆಸರಿಗೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಹಾಕಿಸಿ.